ತೀರ್ಥಹಳ್ಳಿ ಮದುವೆಗೆ ಹೋಗುವಾಗ ಪಗ್ ನಾಯಿಯನ್ನು ಕಾರಿನಲ್ಲಿ ಬಿಡಬಹುದಾ?

ಗುಂಡನ ಮನೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಗುಂಡ ಅಂತ ಒಂದು ಪಗ್ ಇದೆ. ನಾಲ್ಕು ವರ್ಷ, ಸ್ವಲ್ಪ ದಪ್ಪ ಇದ್ದಾನೆ. ಈ ಏಪ್ರಿಲ್ ಕೊನೆಗೆ ತೀರ್ಥಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಮುಹೂರ್ತ ಹನ್ನೊಂದೂವರೆಗೆ. ಬೆಳಿಗ್ಗೆ ಹೊರಟು, ಊಟ ಮುಗಿಸಿ, ಸಂಜೆ ಕುಂದಾದ್ರಿ ನೋಡಿಕೊಂಡು ವಾಪಸ್ ಬರುವುದು ಅಂತ ಮಾತಾಗಿದೆ. ಗುಂಡ ಒಬ್ಬನೇ ಮನೆಯಲ್ಲಿ ಇದ್ದರೆ ಕೂಗುತ್ತಾನೆ, ಅಕ್ಕಪಕ್ಕದವರಿಗೆ ತೊಂದರೆ. ಹಾಗಾಗಿ ಜೊತೆಗೇ ಕರೆದುಕೊಂಡು ಹೋಗೋಣ ಅಂದುಕೊಂಡೆವು. ಛತ್ರದವರು ನಾಯಿ ಒಳಗೆ ತರಬೇಡಿ ಅಂದಿದ್ದಾರೆ.

ನಮ್ಮ ಭಾವ ಹೇಳುತ್ತಾರೆ, "ಮರದ ಕೆಳಗೆ ಕಾರು ನಿಲ್ಲಿಸಿ, ಕಿಟಕಿ ಎರಡು ಬೆರಳು ಇಳಿಸಿ, ಒಂದು ಬಟ್ಟಲು ನೀರಿಟ್ಟರೆ ಆಯಿತು. ಇದೇನು ರಾಯಚೂರಾ? ಮಲೆನಾಡು." ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಯಾಕೆ ಬೇಡ ಅಂತ ಸರಿಯಾಗಿ ಹೇಳಲು ಬರುತ್ತಿಲ್ಲ. ಎಸಿ ಹಾಕಿಟ್ಟು ಹೋದರೆ ನಡೆಯುತ್ತಾ? ಅರ್ಧ ಗಂಟೆಗೊಮ್ಮೆ ಬಂದು ನೋಡಿದರೆ ಸಾಕಾ? ಗೊತ್ತಿರುವವರು ಹೇಳಿ.

ಅಡಿಕೆ ತೋಟ, ಕೊಪ್ಪ

ಮೇಡಂ, ನಮ್ಮ ತೋಟದ ನಾಯಿ ದಿನವಿಡೀ ಬಿಸಿಲಲ್ಲೇ ತಿರುಗುತ್ತದೆ. ಮಂಗ ಓಡಿಸುತ್ತದೆ, ಅಂಗಳದಲ್ಲೇ ಮಲಗುತ್ತದೆ. ಏನೂ ಆಗಿಲ್ಲ. ನೆರಳಲ್ಲಿ ನಿಲ್ಲಿಸಿದ ಕಾರಿನಲ್ಲಿ ಎರಡು ಗಂಟೆ ಇದ್ದರೆ ಏನಾಗುತ್ತದೆ? ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಕ್ಲಿನಿಕ್ ಸಹಾಯಕಿ, ಶಿವಮೊಗ್ಗ

ನಾನು ಶಿವಮೊಗ್ಗದಲ್ಲಿ ನಾಯಿ, ಬೆಕ್ಕು ನೋಡುವ ಒಂದು ಕ್ಲಿನಿಕ್‌ನಲ್ಲಿ ಡಾಕ್ಟರಿಗೆ ಸಹಾಯಕಿ. ದಯವಿಟ್ಟು ಬಿಡಬೇಡಿ. ಐದು ನಿಮಿಷಕ್ಕೂ ಬೇಡ. ಪಗ್ ಅಂದಿರಿ, ದಪ್ಪ ಅಂದಿರಿ, ಏಪ್ರಿಲ್ ಅಂದಿರಿ. ಮೂರೂ ಒಟ್ಟಿಗೆ ಸೇರಿವೆ.

"ಇದು ಮಲೆನಾಡು" ಅನ್ನುವ ಮಾತನ್ನು ನಾನು ಕ್ಲಿನಿಕ್‌ನಲ್ಲಿ ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ನನಗೆ ಹೆದರಿಕೆ ಆಗುವುದೇ ಆ ಮಾತಿಗೆ. ಬಯಲುಸೀಮೆಯವರಿಗೆ ಬಿಸಿಲು ಏನು ಮಾಡುತ್ತದೆ ಅಂತ ಗೊತ್ತು. ನಮಗೆ ಮರ ಇದೆ, ಗಾಳಿ ಇದೆ, ಮಧ್ಯಾಹ್ನ ಒಂದು ಮೋಡ ಬಂದರೆ ತಂಪಾಗುತ್ತದೆ ಅಂತ ಧೈರ್ಯ. ಆದರೆ ಮರವೂ ಗಾಳಿಯೂ ಕಾರಿನ ಹೊರಗೆ ಇರುತ್ತವೆ. ನಾಯಿ ಒಳಗೆ ಇರುತ್ತದೆ.

ಒಂದು ಕೇಸ್ ಹೇಳುತ್ತೇನೆ. ಮಳೆಗಾಲ ಮುಗಿಯುವ ಹೊತ್ತು. ಬೆಳಿಗ್ಗೆ ಮೋಡ ಇತ್ತು, ಒಂದು ಹನಿ ಮಳೆಯೂ ಬಿದ್ದಿತ್ತು. ಒಂದು ಮನೆಯವರು ಸೀರೆ ತರಲು ಗಾಂಧಿ ಬಜಾರಿಗೆ ಬಂದಿದ್ದರು. ಕಾರನ್ನು ಕಟ್ಟಡದ ನೆರಳಲ್ಲೇ ನಿಲ್ಲಿಸಿದ್ದರು. ಕಿಟಕಿಯನ್ನೂ ಸ್ವಲ್ಪ ಇಳಿಸಿದ್ದರು. ಮದುವೆ ಸೀರೆ ಅಂದಮೇಲೆ ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ. ಅಷ್ಟರಲ್ಲಿ ಮಳೆ ಹೊಳವಾಗಿ ಬಿಸಿಲು ಬಂದಿದೆ, ನೆರಳು ಸರಿದಿದೆ. ಅವರು ನಾಯಿಯನ್ನು ಎತ್ತಿಕೊಂಡು ನಮ್ಮಲ್ಲಿಗೆ ಓಡಿ ಬಂದಾಗ ಅದರ ನಾಲಿಗೆ ನೇರಳೆ ಆಗಿತ್ತು. ಬಾಯಿಂದ ಅಂಟಂಟಾದ ಜೊಲ್ಲು. ಥರ್ಮಾಮೀಟರ್ 108 ಫ್ಯಾರನ್‌ಹೀಟ್ ತೋರಿಸಿತು. ನಾಯಿಗೆ 101ರಿಂದ 102.5ರ ತನಕ ಇರುವುದು ಸಹಜ. 106 ದಾಟಿತು ಅಂದರೆ ಒಳಗಿನ ಅಂಗಗಳೇ ಕೆಡಲು ಶುರುವಾಗುತ್ತವೆ.

ನೀರು ಹೊಯ್ದೆವು, ಫ್ಯಾನ್ ಹಾಕಿದೆವು, ಡ್ರಿಪ್ ಹಾಕಿದರು. ಸಂಜೆ ಹೊತ್ತಿಗೆ ಎದ್ದು ಬಾಲ ಅಲ್ಲಾಡಿಸಿತು. ಎಲ್ಲರಿಗೂ ಜೀವ ಬಂದ ಹಾಗಾಯಿತು. ಮಾರನೇ ದಿನ ಮೂತ್ರ ನಿಂತಿತು, ಭೇದಿಯಲ್ಲಿ ರಕ್ತ ಹೋಯಿತು. ಉಳಿಯಲಿಲ್ಲ. ಹೀಟ್ ಸ್ಟ್ರೋಕ್‌ನಲ್ಲಿ ಕಿಡ್ನಿ ಕೈಕೊಡುವುದು, ರಕ್ತ ಹೆಪ್ಪುಗಟ್ಟುವ ಶಕ್ತಿ ಕೆಡುವುದು ಒಂದೆರಡು ದಿನ ತಡವಾಗಿಯೂ ಕಾಣಿಸಿಕೊಳ್ಳುತ್ತದೆ. ಆ ಮನೆಯವರು ನಾಯಿಯ ಬಗ್ಗೆ ಅಸಡ್ಡೆ ಇದ್ದವರಲ್ಲ. ಪ್ರತಿ ಲಸಿಕೆಗೂ ತಪ್ಪದೆ ಬರುತ್ತಿದ್ದರು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ನಿಮ್ಮ ಭಾವನಿಗೆ ಹೇಳಬೇಕಾದ ಕಾರಣ. ಬಿಸಿಲು ಗಾಜಿನ ಮೂಲಕ ಸಲೀಸಾಗಿ ಒಳಗೆ ಬರುತ್ತದೆ. ಸೀಟು, ಡ್ಯಾಶ್‌ಬೋರ್ಡ್ ಅದನ್ನು ಹೀರಿ ಕಾಯುತ್ತವೆ. ಅವು ಬಿಡುವ ಶಾಖ ಗಾಜು ದಾಟಿ ಹಾಗೆಯೇ ಹೊರಗೆ ಹೋಗುವುದಿಲ್ಲ. ಗಾಳಿಯೂ ಆಡುವುದಿಲ್ಲ. 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಇದನ್ನು ಅಳೆದು ಪ್ರಕಟಿಸಿದರು. ಅವರು ಮಾಡಿದ್ದು ಕಾರಿನಲ್ಲಿ ಬಿಟ್ಟ ಮಕ್ಕಳ ವಿಷಯಕ್ಕೆ, ಆದರೆ ಕಾರು ಅದೇ ತಾನೇ. ಹೊರಗೆ ಬರೀ 22 ಡಿಗ್ರಿ ಇದ್ದ ದಿನವೂ ಒಂದು ಗಂಟೆಯಲ್ಲಿ ಒಳಗಿನ ಬಿಸಿ 45 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಏರುವುದರಲ್ಲಿ ನೂರಕ್ಕೆ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ ಏರಿ ಮುಗಿದಿರುತ್ತದೆ. ಕಿಟಕಿ ಸ್ವಲ್ಪ ಇಳಿಸಿಟ್ಟರೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. 22 ಡಿಗ್ರಿ ಅಂದರೆ ನಮಗೆ ಡಿಸೆಂಬರ್ ಬೆಳಿಗ್ಗೆ ಅಂಗಳದಲ್ಲಿ ಬಿಸಿಲು ಕಾಯಿಸುವ ಹವೆ. ನೀವು ಹೋಗುವುದು ಏಪ್ರಿಲ್‌ನಲ್ಲಿ. ಅರ್ಧ ಗಂಟೆಗೊಮ್ಮೆ ಬಂದು ನೋಡುತ್ತೇನೆ ಅಂದಿರಲ್ಲ, ಮೊದಲ ಸಲ ನೀವು ಬರುವಷ್ಟರಲ್ಲೇ ಆಗಬಾರದ್ದು ಆಗಿರಬಹುದು. ಧಾರೆಯ ಹೊತ್ತಿಗೆ ಯಾರು ಎದ್ದು ಬರುತ್ತಾರೆ, ನೀವೇ ಹೇಳಿ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಮಾತ್ರ ಸ್ವಲ್ಪ. ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತದಲ್ಲ, ಆಗ ಬಾಯಿಯ ತೇವ ಆರಿ ಮೈ ತಣ್ಣಗಾಗಬೇಕು. ಮುಚ್ಚಿದ ಕಾರಿನಲ್ಲಿ ಅದರ ಉಸಿರಿನ ತೇವವೇ ತುಂಬಿಕೊಳ್ಳುತ್ತದೆ. ಮಳೆಗೆ ಮುಂಚಿನ ನಮ್ಮ ಸೆಕೆ ನಿಮಗೆ ಗೊತ್ತು, ಒಗೆದ ಬಟ್ಟೆಯೇ ಬೇಗ ಆರುವುದಿಲ್ಲ. ಅಂಥ ಹವೆಯಲ್ಲಿ ನಾಯಿ ಎಷ್ಟು ಏದುಸಿರು ಬಿಟ್ಟರೂ ಮೈ ತಣ್ಣಗಾಗುವುದಿಲ್ಲ, ಸುಸ್ತು ಮಾತ್ರ ಆಗುತ್ತದೆ. ಪಗ್‌ಗೆ ಮೂತಿಯೇ ಗಿಡ್ಡ, ಉಸಿರಿನ ದಾರಿ ಇಕ್ಕಟ್ಟು. ಶಿಟ್ಜು, ಬುಲ್‌ಡಾಗ್, ಬಾಕ್ಸರ್ ಸಾಕಿದವರಿಗೂ ಇದೇ ಮಾತು. ನೀರಿನ ಬಟ್ಟಲು ಇಟ್ಟರೆ ಬಾಯಾರಿಕೆ ಹೋಗಬಹುದು, ಕಾದ ಗಾಳಿ ತಣ್ಣಗಾಗುವುದಿಲ್ಲ. ಅದೂ ಗಾಬರಿಯಲ್ಲಿ ಓಡಾಡುವ ನಾಯಿ ಬಟ್ಟಲನ್ನು ಮೊದಲೇ ಚೆಲ್ಲಿರುತ್ತದೆ.

ಕೊಪ್ಪದ ಸರ್, ನಿಮ್ಮ ನಾಯಿಯನ್ನು ಒಂದು ದಿನ ಕೂತು ಗಮನಿಸಿ. ಬಿಸಿಲು ಜೋರಾದಾಗ ಅದು ಅಂಗಳದಲ್ಲಿ ಇರುವುದಿಲ್ಲ. ಬಚ್ಚಲ ಹಿಂದಿನ ಒದ್ದೆ ಮಣ್ಣು ಕೆರೆದು ಅದರಲ್ಲಿ ಹೊಟ್ಟೆ ಊರಿ ಮಲಗಿರುತ್ತದೆ, ಇಲ್ಲವೇ ತೋಟದ ಕಾಲುವೆಗೆ ಇಳಿದಿರುತ್ತದೆ. ಎಲ್ಲಿ ತಂಪು ಅಂತ ಅದಕ್ಕೆ ಗೊತ್ತು, ಎದ್ದು ಹೋಗಲು ಕಾಲೂ ಬಿಡುವಾಗಿದೆ. ಕಾರಿನಲ್ಲಿರುವ ನಾಯಿಗೆ ಎದ್ದು ಹೋಗಲು ಜಾಗವೇ ಇಲ್ಲ.

ಡ್ರೈವರ್, ಸಾಗರ

ಎಸಿ ವಿಷಯ ನಾನು ಹೇಳುತ್ತೇನೆ, ಟ್ಯಾಕ್ಸಿ ಓಡಿಸುವವನು. ನಿಂತ ಗಾಡಿಯಲ್ಲಿ ಎಂಜಿನ್ ಆನ್ ಇಟ್ಟು ಎಸಿ ನಂಬಬೇಡಿ. ಹಳೇ ಗಾಡಿ ಆದರೆ ಎಂಜಿನ್ ಬಿಸಿಯಾಗಿ ಆಫ್ ಆಗಬಹುದು. ಕೆಲವು ಹೊಸ ಗಾಡಿಗಳಲ್ಲಿ ಡ್ರೈವರ್ ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗುತ್ತದೆ. ನಾಯಿ ಸುಮ್ನೆ ಕೂರುವುದಿಲ್ಲ, ಕಾಲು ಸ್ವಿಚ್ಚಿನ ಮೇಲೆ ಬಿದ್ದರೆ ಲಾಕ್ ಆಗುತ್ತದೆ, ಕೀ ಒಳಗೇ ಉಳಿಯುತ್ತದೆ. ಎಸಿ ನಿಂತಿದ್ದು ಛತ್ರದ ಒಳಗೆ ಇದ್ದವರಿಗೆ ಗೊತ್ತೇ ಆಗುವುದಿಲ್ಲ.

ಇನ್ನೊಂದು. ಜೋಗದ ಪಾರ್ಕಿಂಗ್‌ನಲ್ಲಿ ನಾನು ಗಾಡಿ ನಿಲ್ಲಿಸಿ ಕಾಯುವಾಗ ನಾಯಿ ಇರುವ ಕಾರು ನೋಡಿದ್ದೇನೆ. ಬಿಸಿಲಲ್ಲಿ ನಿಂತ ಗಾಡಿಯ ಸ್ಟೇರಿಂಗ್ ಮುಟ್ಟಲು ನಮಗೇ ಆಗುವುದಿಲ್ಲ, ಬಾಗಿಲು ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹತ್ತುತ್ತೇವೆ. ಅದರೊಳಗೆ ಜೀವ ಬಿಟ್ಟು ಹೋಗುತ್ತಾರಲ್ಲ ಅಂತ ಸಂಕಟ ಆಗುತ್ತದೆ.

ಗುಂಡನ ಮನೆ, ಶಿವಮೊಗ್ಗ

ಅಕ್ಕ, ಅಣ್ಣ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಕ್ಕ ಬರೆದಿದ್ದನ್ನು ಭಾವನಿಗೆ ಜೋರಾಗಿ ಓದಿ ಹೇಳಿದೆ. ಗುಂಡನನ್ನು ಕರೆದುಕೊಂಡು ಹೋಗುವುದು ಬೇಡ ಅಂತ ಅವರೇ ಅಂದರು. ನಮ್ಮ ಅತ್ತೆಗೆ ಮಂಡಿ ನೋವು, ಅವರು ಹೇಗೂ ಮನೆಯಲ್ಲೇ ಇರುತ್ತೇನೆ ಅನ್ನುತ್ತಿದ್ದರು. ಅವರ ಜೊತೆ ಬಿಡುತ್ತೇವೆ.

ಡ್ರೈವರ್ ಅಣ್ಣ ಹೇಳಿದ ಹಾಗೆ ಬೇರೆಯವರ ಕಾರಿನಲ್ಲಿ ನಾಯಿ ಕಂಡರೆ ಏನು ಮಾಡಬೇಕು? ನೋಡಿಯೂ ಸುಮ್ಮನೆ ಹೋಗಲು ಆಗುವುದಿಲ್ಲ ಅಲ್ವಾ.

ಕ್ಲಿನಿಕ್ ಸಹಾಯಕಿ, ಶಿವಮೊಗ್ಗ

ಅತ್ತೆ ಇರುತ್ತಾರೆ ಅಂದಿದ್ದು ಕೇಳಿ ಸಮಾಧಾನ ಆಯಿತು.

ಬೇರೆಯವರ ಕಾರು ಆದರೆ ಮೊದಲು ನಂಬರ್ ನೋಡಿಕೊಳ್ಳಿ. ಮದುವೆ ಛತ್ರ ಆದರೆ ನಮ್ಮಲ್ಲಿ ಒಂದು ಒಳ್ಳೆಯ ಅನುಕೂಲ ಇದೆ, ಮೈಕ್. ಅಡ್ಡ ನಿಲ್ಲಿಸಿದ ಕಾರು ತೆಗೆಸಲು ಕೂಗುತ್ತಾರಲ್ಲ, ಹಾಗೇ ಕೂಗಿಸಿ. "ಕೆಎ 14 ಇಂಥ ನಂಬರ್ ಕಾರಿನವರು ತಕ್ಷಣ ಬನ್ನಿ, ಒಳಗೆ ನಾಯಿ ಇದೆ" ಅಂತ. ಪೇಟೆ ಆದರೆ ಎದುರಿನ ಅಂಗಡಿಯವರನ್ನು ಕೇಳಿ, ಕಾರು ಯಾರದ್ದು ಅಂತ ಅವರಿಗೆ ಗೊತ್ತಿರುವುದು ಜಾಸ್ತಿ. ಒಬ್ಬರು ಹುಡುಕಲು ಹೋಗಲಿ, ಒಬ್ಬರು ಕಾರಿನ ಹತ್ತಿರವೇ ಇರಲಿ. ಮಾಲೀಕರು ಸಿಗದಿದ್ದರೆ 112ಕ್ಕೆ ಫೋನ್ ಮಾಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣಿಗೆ ಅನಾವಶ್ಯಕ ನೋವು ಕೊಡುವುದು ಅಪರಾಧ. ಮೊದಲ ಸಲಕ್ಕೆ ಅದರಲ್ಲಿ ಬರೆದಿರುವ ದಂಡ ಹತ್ತರಿಂದ ಐವತ್ತು ರೂಪಾಯಿ. ಒಂದು ಜೀವಕ್ಕೆ ಇಷ್ಟೇನಾ ಅಂತ ನನಗೆ ಬಹಳ ಬೇಸರ ಇದೆ. ಆದರೂ ಪೊಲೀಸರು ಬಂದು ನಿಂತರೆ ಬಾಗಿಲು ಬೇಗ ತೆಗೆಯುತ್ತದೆ.

ನಾಯಿ ಹೊರಗೆ ಬಂದಮೇಲೆ ಮಾಡುವುದು ಇನ್ನೂ ಮುಖ್ಯ. ತುಂಬಾ ಜನ ಹಾಗೇ ಕಾರು ಹತ್ತಿಸಿ ಡಾಕ್ಟರ ಹತ್ತಿರ ಓಡುತ್ತಾರೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಒಂದೂವರೆ ಗಂಟೆ ದಾರಿ. ಅಷ್ಟು ಹೊತ್ತು ಒಳಗಿಂದ ಬೇಯುತ್ತಲೇ ಇರುತ್ತದೆ. ಮೊದಲು ತಂಪು ಮಾಡಿ, ಆಮೇಲೆ ಹೊರಡಿ. ನೆರಳಿಗೆ ತನ್ನಿ. ಬಾವಿ ನೀರು, ನಲ್ಲಿ ನೀರು, ಯಾವುದು ಕೈಗೆ ಸಿಕ್ಕಿದರೆ ಅದು. ಐಸ್ ಹುಡುಕುತ್ತಾ ಕೂರಬೇಡಿ. ಕತ್ತು, ಕಂಕುಳು, ಹೊಟ್ಟೆ, ತೊಡೆ ಸಂದಿಗೆ ಧಾರಾಳವಾಗಿ ಹೊಯ್ಯುತ್ತಾ ಇರಿ. ಇನ್ನೊಬ್ಬರು ಜೋರಾಗಿ ಗಾಳಿ ಬೀಸಲಿ, ಮೊರ ಸಿಕ್ಕರೂ ಆಯಿತು. ಒದ್ದೆ ಟವೆಲ್ ಸುತ್ತಿ ಬಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ನೀರು ಅದಾಗಿಯೇ ಕುಡಿದರೆ ಕುಡಿಯಲಿ, ಬಾಯಿಗೆ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಯಲ್ಲಿರುವ ಜ್ವರದ ಮಾತ್ರೆಯನ್ನಂತೂ ಕೊಡಲೇಬೇಡಿ. ಇದು ಜ್ವರ ಅಲ್ಲ, ಮಾತ್ರೆ ಕೆಲಸ ಮಾಡುವುದಿಲ್ಲ, ಮೇಲಿಂದ ನಾಯಿಗೆ ವಿಷವಾಗಬಹುದು. ಥರ್ಮಾಮೀಟರ್ ಇದ್ದರೆ 103ಕ್ಕೆ ಇಳಿದಾಗ ನೀರು ನಿಲ್ಲಿಸಿ, ನಿಲ್ಲಿಸದಿದ್ದರೆ ಮೈ ಬೇಕಾದ್ದಕ್ಕಿಂತ ತಣ್ಣಗಾಗುತ್ತದೆ.

ಇಷ್ಟು ಮಾಡುವಾಗಲೇ ಒಬ್ಬರು ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿರಲಿ. ನಾಯಿ ಎದ್ದು ಓಡಾಡಿದರೂ ಡಾಕ್ಟರಿಗೆ ತೋರಿಸಲೇಬೇಕು, ಮೇಲೆ ಹೇಳಿದ ಕೇಸ್ ನೆನಪಿಡಿ. ಶಿವಮೊಗ್ಗದವರಿಗೆ ವಿನೋಬನಗರದ ಪಶುವೈದ್ಯಕೀಯ ಕಾಲೇಜೂ ಇದೆ.

ಅಡಿಕೆ ತೋಟ, ಕೊಪ್ಪ

ಮೇಡಂ, ನೀವು ಹೇಳಿದ್ದು ಸರಿ. ಈಗಷ್ಟೇ ಹೋಗಿ ನೋಡಿದೆ, ನಮ್ಮದು ನೀರಿನ ತೊಟ್ಟಿ ಪಕ್ಕ ಕೆಸರಲ್ಲಿ ಮಲಗಿದೆ. ಒಂದು ಕೇಳಬೇಕಿತ್ತು. ಹಾಗಾದರೆ ಕಾರಿನಿಂದ ಇಳಿಸಿ ಜೊತೆಗೇ ಬೆಟ್ಟ ಹತ್ತಿಸಿದರೆ ತೊಂದರೆ ಇಲ್ಲವಾ? ನಮ್ಮ ಮಗ ನಾಯಿ ಕರೆದುಕೊಂಡು ಕವಲೇದುರ್ಗಕ್ಕೆ ಹೋಗುತ್ತೇನೆ ಅನ್ನುತ್ತಿದ್ದಾನೆ.

ಕ್ಲಿನಿಕ್ ಸಹಾಯಕಿ, ಶಿವಮೊಗ್ಗ

ಸರ್, ಒಳ್ಳೆಯ ಪ್ರಶ್ನೆ. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಚಿಕಿತ್ಸೆಯ ದಾಖಲೆಗಳನ್ನು ತೆಗೆದು ನೋಡಿದಾಗ, ಹೀಟ್ ಸ್ಟ್ರೋಕ್ ಆಗಿ ಬಂದ ನಾಯಿಗಳಲ್ಲಿ ಹೆಚ್ಚಿನವು ಕಾರಿನಲ್ಲಿ ಬಿಟ್ಟವಲ್ಲ, ಬಿಸಿ ಹೊತ್ತಿನಲ್ಲಿ ನಡೆಸಿ, ಓಡಿಸಿ ಆದವು. ಒಟ್ಟಾರೆ ಏಳರಲ್ಲಿ ಒಂದು ಸತ್ತಿತ್ತು. ತಂಪು ದೇಶದಲ್ಲೇ ಹೀಗೆ. ನಾಯಿ ಮಾಲೀಕರ ಹಿಂದೆ ಬಿದ್ದು ಬರುತ್ತಲೇ ಇರುತ್ತದೆ, ಸಾಕಾಯಿತು ಅಂತ ಹೇಳುವುದಿಲ್ಲ. ಮಗನಿಗೆ ಬೆಳಕು ಹರಿಯುವಾಗಲೇ ಹತ್ತಿ, ಬಿಸಿಲೇರುವ ಮುಂಚೆ ಇಳಿಯಲು ಹೇಳಿ. ಕೋಟೆಯ ಕಲ್ಲಿನ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಲಿ, ಅವನಿಗೆ ತಡೆಯಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ. ನೀರು ನಾಯಿಗೆ ಅಂತ ಬೇರೆಯೇ ಇಟ್ಟುಕೊಳ್ಳಲಿ.

ಗುಂಡನ ಮನೆ, ಶಿವಮೊಗ್ಗ

ಅಕ್ಕ, ಕೊನೆಯದೊಂದು. ಅತ್ತೆ ಇರುವುದು ಮಹಡಿ ಮೇಲೆ, ಆರ್‌ಸಿಸಿ ಮನೆ. ಮಧ್ಯಾಹ್ನ ಕರೆಂಟ್ ಹೋದರೆ?

ಕ್ಲಿನಿಕ್ ಸಹಾಯಕಿ, ಶಿವಮೊಗ್ಗ

ಆ ದಿನದ ಮಟ್ಟಿಗೆ ಅತ್ತೆಯನ್ನೂ ಗುಂಡನನ್ನೂ ಕೆಳಗಿನ ಮನೆಯಲ್ಲಿ ಇರಿಸಲು ಆದರೆ ನೋಡಿ, ಇಬ್ಬರಿಗೂ ಒಳ್ಳೆಯದು. ಆಗದಿದ್ದರೆ ಬಚ್ಚಲ ಬಾಗಿಲು ತೆಗೆದಿಟ್ಟು ನೆಲ ಒದ್ದೆ ಮಾಡಿಡಿ, ಅವನೇ ಹೋಗಿ ಮಲಗುತ್ತಾನೆ. ಅತ್ತೆಗೆ ಮಂಡಿ ನೋವು ಅಂದಿರಿ, ಜಾರಿ ಬೀಳಬಾರದು, ನೀರು ಬಚ್ಚಲಲ್ಲಿ ಮಾತ್ರ ಇರಲಿ. ನೀರಿನ ಬಟ್ಟಲು ಎರಡು ಕಡೆ ಇಡಿ. ಮಧ್ಯಾಹ್ನ ವಾಕಿಂಗ್ ಬೇಡ ಅಂತ ಅತ್ತೆಗೆ ಹೇಳಿ ಹೋಗಿ. ಉಸಿರಾಟ ಜೋರಾಗಿ ಗೊರ ಗೊರ ಸದ್ದು ಬಂದರೆ ಕಾಯದೆ ಮೈಗೆ ನೀರು ಹೊಯ್ದು ನಿಮ್ಮ ಡಾಕ್ಟರಿಗೆ ಫೋನ್ ಮಾಡಲಿ. ಆ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ.