ಸಹಾಯ ಬೇಕು: ನವಣೆ ಮಷಿನ್‌ಗೆ ಸಂಘದ ಸಾಲ ಸಿಗ್ತಿಲ್ಲ
ಎಲ್ಲರಿಗೂ ನಮಸ್ಕಾರ, ನಮ್ದು ಕೂಡ್ಲಿಗಿ ಕಡೆ ಹಳ್ಳಿ. ಅಮ್ಮ ಇರೋ ಸ್ತ್ರೀ ಶಕ್ತಿ ಸಂಘದಲ್ಲಿ 14 ಜನ ಇದಾರೆ, ವಾರಕ್ಕೆ 50 ರೂಪಾಯಿ ಉಳಿತಾಯ ಕಟ್ಕೊಂಡು ಅದ್ರಲ್ಲೇ ಒಳಸಾಲ ಕೊಟ್ಟು ತಗೊಂಡು ಮಾಡ್ತಾರೆ, ಇಷ್ಟು ವರ್ಷದಲ್ಲಿ ಒಬ್ರೂ ಕಂತು ತಪ್ಪಿಸಿಲ್ಲ. ಈ ಸಲ ಎಲ್ರೂ ಸೇರಿ ಎರಡೆಕರೆ ಗುತ್ತಿಗೆ ಹಿಡಿದು ನವಣೆ ಹಾಕಿದ್ರು, ಬೆಳೆ ಚೆನ್ನಾಗೇ ಬಂತು ಆದ್ರೆ ಸಿಪ್ಪೆ ತೆಗೆಯೋ ಮಷಿನ್ ಹತ್ರದಲ್ಲಿ ಎಲ್ಲೂ ಇಲ್ಲ, ಹಂಗೇ ಮಾರಿದ್ರೆ ದಲ್ಲಾಳಿ ಹೇಳಿದ್ದೇ ರೇಟು, ಅದೇ ಅಕ್ಕಿ ಮಾಡಿ ಮಾರಿದ್ರೆ ಪೇಟೇಲಿ ಎಷ್ಟಕ್ಕೆ ಹೋಗುತ್ತೆ ಅಂತ ನಿಮಗೇ ಗೊತ್ತು.

ಮಷಿನ್‌ಗೆ ಅಂತ 3 ಲಕ್ಷ ಸಾಲ ಕೇಳಿದ್ರೆ ಬ್ಯಾಂಕ್‌ನಲ್ಲಿ ಯಾರದ್ದಾದ್ರೂ ಪಹಣಿ ಇಡಿ, ಇಲ್ಲಾಂದ್ರೆ ಎಫ್‌ಡಿ ಮಾಡ್ಸಿ ಅಂತಾರೆ. ಆರ್‌ಬಿಐ ನಿಯಮದಲ್ಲಿ ಸ್ವಸಹಾಯ ಸಂಘಕ್ಕೆ 10 ಲಕ್ಷದವರೆಗೆ ಅಡಮಾನ ಕೇಳಂಗಿಲ್ಲ, ಠೇವಣಿ ಇಡಿ ಅಂತ ಒತ್ತಾಯನೂ ಮಾಡಂಗಿಲ್ಲ ಅಂತಿದೆ. ಅಮ್ಮ ಮೂರು ಸಲ ಕೂಲಿ ಬಿಟ್ಟು ಹೋಗಿ ಬಂದ್ರು, ನನಗೆ ನೋಡಕ್ಕಾಗ್ತಿಲ್ಲ.

ಇದನ್ನ ಲಿಖಿತವಾಗಿ ಯಾರಿಗೆ ಕೊಡ್ಬೇಕು, ಜಿಲ್ಲೆಯ ಬ್ಯಾಂಕ್‌ಗಳ ಕೆಲಸ ಹೊಂದಿಸೋ ಲೀಡ್ ಬ್ಯಾಂಕ್ ಮ್ಯಾನೇಜರ್‌ಗಾ, ಸಂಘಗಳನ್ನ ನೋಡ್ಕೊಳ್ಳೋ ಸರ್ಕಾರದ ಸಂಜೀವಿನಿ ಯೋಜನೆಯವರಿಗಾ? ಮತ್ತೆ ಸಿಂಗಲ್ ಫೇಸ್‌ನಲ್ಲಿ ಓಡೋ ಚಿಕ್ಕ ಮಷಿನ್ ಯಾರಾದ್ರೂ ಬಳಸ್ತಿದ್ರೆ ದಯವಿಟ್ಟು ಹೇಳಿ, ನುಚ್ಚು ಎಷ್ಟು ಬರುತ್ತೆ ಅನ್ನೋದು ಮುಖ್ಯ. ಕಾಳು ಚೀಲದಲ್ಲೇ ಇದೆ, ಇನ್ನೂ ಮಾರಿಲ್ಲ.