ಬುಶ್ ಹೊಸದು ಹಾಕಿಸಿ ಆರೇ ತಿಂಗಳು, ಮುಂದಿನ ಚಕ್ರದಲ್ಲಿ ಮತ್ತೆ ‘ಟಕ್’ ಸದ್ದು

ಪ್ರಶ್ನೆ:
ನಮಸ್ಕಾರ ಸರ್. ನನ್ನದು ಫೋರ್ ಬೈ ಫೋರ್ ಪಿಕಪ್. ಮುಂದೆ ಡಬಲ್ ವಿಶ್‌ಬೋನ್ (ಚಕ್ರಕ್ಕೆ ಮೇಲೊಂದು, ಕೆಳಗೊಂದು ಆರ್ಮ್), ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಥರ ಕೆಲಸ ಮಾಡೋ ಸರಳು). 1,40,000 ಕಿ.ಮೀ. ಓಡಿದೆ. ಬಿಡುವಾದಾಗೆಲ್ಲ ಕಲ್ಲು, ಕೆಸರು, ಹಳ್ಳ ಅಂತ ಆಫ್‌ರೋಡ್ ಹೋಗ್ತೀನಿ. ಆರು ತಿಂಗಳ ಹಿಂದೆ ಗ್ಯಾರೇಜಿನಲ್ಲಿ ಎರಡೂ ಕಡೆ ಲೋವರ್ ಆರ್ಮ್ ಬುಶ್ (ಕೆಳಗಿನ ಆರ್ಮ್ ಚಾಸಿಗೆ ಸೇರುವಲ್ಲಿನ ರಬ್ಬರ್ ತುಂಡು) ಮತ್ತು ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿದೆ. ಈಗ ಗುಂಡಿಗೆ ಇಳಿದಾಗ ಎಡಗಡೆ ಮತ್ತೆ ‘ಟಕ್’ ಅನ್ನುತ್ತೆ. ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಎಳೆಯುತ್ತೆ. ಎಡ ಟೈರಿನ ಒಳ ಅಂಚು ಸವೆದಿದೆ. ಗ್ಯಾರೇಜಿನವರು ‘ಪಾರ್ಟ್ ಸರಿಯಿರಲಿಲ್ಲ, ಇನ್ನೊಂದು ಸೆಟ್ ಹಾಕೋಣ’ ಅಂತಾರೆ. ಈ ಸಲ ನಾನೇ ಮಾಡೋಣ ಅಂತಿದೀನಿ. ಬ್ರೇಕ್ ಕೆಲಸ ಮಾಡಿ ಅಭ್ಯಾಸ ಇದೆ. ಪೂರ್ತಿ ಕಿಟ್ ತರಿಸಲಾ?

ಉತ್ತರ:
ಕಿಟ್ ಈಗಲೇ ತರಿಸಬೇಡಿ. ಯಾವುದು ಲೂಸಾಗಿದೆ ಅಂತ ಕೈಯಲ್ಲಿ ಮುಟ್ಟಿ ನೋಡೋ ತನಕ ಒಂದು ನಟ್ಟನ್ನೂ ಬಿಚ್ಚಬೇಡಿ. ಸದ್ದು ಕೇಳಿ ಪಾರ್ಟ್ ಬದಲಿಸಿದರೆ ಹಳೇ ತೊಂದರೆ ಹಾಗೇ ಉಳಿಯುತ್ತೆ. ನಿಮ್ಮ ಶಾಕ್ ಅಬ್ಸಾರ್ಬರ್ ವಿಷಯದಲ್ಲೂ ಅದೇ ಆಗಿರಬಹುದು.

ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡಕ್ಕೆ ಕಲ್ಲು ಕೊಡಿ. ಜಾಕ್ ಕೊಡುವ ಜಾಗ ಇಲ್ಲಿ ಬಹಳ ಮುಖ್ಯ. ನಿಮ್ಮ ಗಾಡಿಯಲ್ಲಿ ಟಾರ್ಷನ್ ಬಾರ್ ಲೋವರ್ ಆರ್ಮ್ ಅನ್ನು ಕೆಳಕ್ಕೆ ಒತ್ತುತ್ತಿರುತ್ತೆ, ಅಂದರೆ ಭಾರ ಹೊರುವುದು ಕೆಳಗಿನ ಬಾಲ್ ಜಾಯಿಂಟ್ (ಆರ್ಮ್‌ನ ಹೊರತುದಿಯನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲು). ಚಾಸಿಗೆ ಜಾಕ್ ಕೊಟ್ಟು ಎತ್ತಿದರೆ ಆರ್ಮ್ ಕೆಳಗೆ ಇಳಿದು ಸ್ಟಾಪರ್‌ಗೆ ಒತ್ತಿ ನಿಲ್ಲುತ್ತೆ, ಎಷ್ಟೇ ಸವೆದ ಜಾಯಿಂಟೂ ಬಿಗಿಯಾಗಿದೆ ಅನ್ನಿಸುತ್ತೆ. ಗ್ಯಾರೇಜಿನಲ್ಲಿ ‘ಎಲ್ಲ ಸರಿ ಇದೆ’ ಅಂತ ಗಾಡಿ ಕಳಿಸುವುದಕ್ಕೆ ಅರ್ಧ ಕಾರಣ ಇದೇ. ಜಾಕ್ ಅನ್ನು ಲೋವರ್ ಆರ್ಮ್‌ನ ಹೊರತುದಿಗೆ, ಬಾಲ್ ಜಾಯಿಂಟ್‌ಗೆ ಆದಷ್ಟು ಹತ್ತಿರ ಕೊಟ್ಟು, ಚಕ್ರ ನೆಲದಿಂದ ನಾಲ್ಕು ಬೆರಳು ಮೇಲೆ ಬರುವಷ್ಟು ಎತ್ತಿ. ಚಾಸಿ ಕೆಳಗೆ ಸ್ಟ್ಯಾಂಡ್ ಇರಲಿ.

ಈಗ ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಹಿಂದೆ ಮುಂದೆ ಅಲ್ಲಾಡಿಸಿ. ಪ್ಲೇ (ಸಡಿಲ ಅಲುಗಾಟ) ಸಿಕ್ಕಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಬ್ರೇಕ್ ಒತ್ತಿದಾಗ ಪ್ಲೇ ಹೋದರೆ ಅದು ವೀಲ್ ಬೇರಿಂಗ್. ಆಗಲೂ ಉಳಿದರೆ ಬಾಲ್ ಜಾಯಿಂಟ್ ಅಥವಾ ಬುಶ್. ಆಮೇಲೆ ಎಡ ಬಲ ಹಿಡಿದು ಅಲ್ಲಾಡಿಸಿ, ಅಲ್ಲಿ ಪ್ಲೇ ಇದ್ದರೆ ಮೊದಲು ಟೈ ರಾಡ್ ಎಂಡ್ (ಸ್ಟಿಯರಿಂಗ್ ಸರಳಿನ ಚಕ್ರದ ಕಡೆಯ ಕೀಲು) ನೋಡಿ. ಕೊನೆಗೆ ಟೈರಿನ ಕೆಳಗೆ ಉದ್ದ ಸಬ್ಬಲ್ ಕೊಟ್ಟು ಮೆಲ್ಲಗೆ ಮೇಲಕ್ಕೆ ಮೀಟಿ. ಸಬ್ಬಲ್ ಮೀಟುವವರು ಒಬ್ಬರು, ಜಾಯಿಂಟ್ ಮೇಲೆ ಬೆರಳಿಟ್ಟು ಕೂರುವವರು ಇನ್ನೊಬ್ಬರು. ಕಣ್ಣಿಗೆ ಕಾಣದ ಅಲುಗಾಟವೂ ಬೆರಳಿಗೆ ಗೊತ್ತಾಗುತ್ತೆ.

ಟೈರಿನ ಮೇಲೆ ಅಂಗೈಯನ್ನು ಒಳಗಿಂದ ಹೊರಗೆ, ಹೊರಗಿಂದ ಒಳಗೆ ಸವರಿ. ಒಂದು ಕಡೆಗೆ ನುಣುಪಾಗಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಸಿಕ್ಕಿದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ. ನುಣುಪಾಗಿಯೇ ಒಳ ಅಂಚು ಮಾತ್ರ ಸವೆದಿದ್ದರೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಕಡೆ ನೋಡಬೇಕು.

ಇನ್ನೊಂದು ಮಾತು. ಕಳೆದ ಸಲ ಬುಶ್ ಬೋಲ್ಟ್ ಬಿಗಿ ಮಾಡುವಾಗ ಗಾಡಿ ನೆಲದ ಮೇಲಿತ್ತಾ, ಜಾಕ್ ಮೇಲಿತ್ತಾ? ನೆನಪು ಮಾಡಿಕೊಂಡು ಹೇಳಿ.

ಪ್ರಶ್ನೆ ಕೇಳಿದವರು:
ಸರ್, ನೋಡಿದೆ. ಮೇಲೆ ಕೆಳಗೆ ಹಿಡಿದರೆ ಪ್ಲೇ ಇದೆ, ಬ್ರೇಕ್ ಒತ್ತಿದರೂ ಹೋಗಲ್ಲ. ಸಬ್ಬಲ್ ಕೊಟ್ಟಾಗ ಎಡಗಡೆಯ ಕೆಳಗಿನ ಬಾಲ್ ಜಾಯಿಂಟ್ ‘ಟಕ್’ ಅಂತ ಎದ್ದು ಕೂರುತ್ತೆ. ಅದರ ರಬ್ಬರ್ ಬೂಟ್ ಹರಿದು ಒಳಗೆ ಕೆಸರು ಒಣಗಿ ಗಟ್ಟಿಯಾಗಿದೆ. ಎಡ ಟೈ ರಾಡ್ ಎಂಡ್ ಕೂಡ ಸ್ವಲ್ಪ ಲೂಸು. ಬಲಗಡೆ ಎಲ್ಲೂ ಪ್ಲೇ ಇಲ್ಲ. ಬುಶ್‌ಗಳು ಎರಡೂ ಕಡೆ ಒಳಗಿನ ಕೊಳವೆಯ ಸುತ್ತ ಅರ್ಧಚಂದ್ರದ ಹಾಗೆ ಹರಿದಿವೆ. ಹೌದು, ಗಾಡಿ ಲಿಫ್ಟ್ ಮೇಲೆ, ಚಕ್ರ ಜೋತಾಡುತ್ತಿರುವಾಗಲೇ ನಟ್ಟು ತಿರುಗಿಸುವ ಗನ್ ಹಿಡಿದು ಎಲ್ಲ ಬೋಲ್ಟ್ ಬಿಗಿ ಮಾಡಿದ್ದನ್ನು ನಾನೇ ನೋಡಿದ್ದೆ.

ಉತ್ತರ:
ಹಾಗಾದರೆ ಬುಶ್ ಅನ್ನು ಬೈಯಬೇಕಿಲ್ಲ. ಹಾಕಿದ ರೀತಿಯೇ ಅದನ್ನು ಹರಿದಿದೆ.

ರಬ್ಬರ್ ಬುಶ್ ಬೇರಿಂಗ್ ಥರ ತಿರುಗಲ್ಲ. ಹೊರಗಿನ ಉಂಗುರ ಆರ್ಮ್‌ನಲ್ಲಿ ಬಿಗಿಯಾಗಿ ಕೂತಿರುತ್ತೆ, ಒಳಗಿನ ಕೊಳವೆಯನ್ನು ಬೋಲ್ಟ್ ಬ್ರಾಕೆಟ್‌ಗೆ ಒತ್ತಿ ಹಿಡಿದಿರುತ್ತೆ. ನಡುವಿನ ರಬ್ಬರ್ ಎರಡಕ್ಕೂ ಅಂಟಿಕೊಂಡಿರುತ್ತೆ. ಆರ್ಮ್ ಮೇಲೆ ಕೆಳಗೆ ಆಡಿದಾಗಲೆಲ್ಲ ಆ ರಬ್ಬರ್ ತಿರುಚಿಕೊಂಡು ಮತ್ತೆ ತನ್ನ ಜಾಗಕ್ಕೆ ಬರುತ್ತೆ. ಬೋಲ್ಟ್ ಬಿಗಿಯಾದ ಕ್ಷಣದಲ್ಲಿ ಆರ್ಮ್ ಯಾವ ಕೋನದಲ್ಲಿದೆಯೋ ಅದೇ ರಬ್ಬರಿನ ವಿಶ್ರಾಂತಿಯ ಜಾಗ. ಚಕ್ರ ಜೋತುಬಿದ್ದಾಗ ಬಿಗಿ ಮಾಡಿದರೆ, ಗಾಡಿ ನೆಲಕ್ಕೆ ಇಳಿದ ಗಳಿಗೆಯಿಂದಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲಿ ಉಳಿಯುತ್ತೆ. ಸುಮ್ಮನೆ ನಿಂತ ಗಾಡಿಯಲ್ಲೂ ಅದಕ್ಕೆ ಬಿಡುವಿಲ್ಲ. ಅದರ ಮೇಲೆ ಕಲ್ಲುಗುಂಡಿಗಳ ಆಟ ಸೇರಿದರೆ ಆರು ತಿಂಗಳು ಬಂದದ್ದೇ ಹೆಚ್ಚು. ಬುಶ್ ಹರಿದಾಗ ಆರ್ಮ್ ಜಾಗ ಬಿಟ್ಟು ಸರಿಯುತ್ತೆ, ಕ್ಯಾಂಬರ್, ಟೋ ಎರಡೂ ಕೆಡುತ್ತವೆ, ಟೈರ್ ಸವೆಯುತ್ತೆ.

ಕೆಲಸ ಕಲಿಯುವ ಕಾಲದಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ವಾಪಸ್ ಬಂದ ಗಾಡಿಯ ಆರ್ಮ್ ಬೋಲ್ಟ್ ಅನ್ನು ಸ್ವಲ್ಪ ಸಡಿಲ ಮಾಡಿದ್ದೇ ತಡ, ಒಳಗಿನ ಕೊಳವೆ ‘ಟಣ್’ ಅಂತ ಸ್ಪ್ರಿಂಗ್ ಥರ ತಿರುಗಿಬಿಟ್ಟಿತು. ಆ ಸದ್ದು ಇವತ್ತಿಗೂ ಮರೆತಿಲ್ಲ.

ಬಾಲ್ ಜಾಯಿಂಟ್ ಮಾತ್ರ ಇವತ್ತೇ ಗಾಡಿ ನಿಲ್ಲಿಸಬೇಕಾದ ವಿಷಯ. ಕೆಳಗಿನದು ಕಳಚಿಕೊಂಡರೆ ಚಕ್ರ ಮಡಚಿಕೊಂಡು ಗಾಡಿ ಆ ಮೂಲೆಗೆ ಕುಸಿಯುತ್ತೆ. ಸ್ಟಿಯರಿಂಗ್ ಕೈಯಲ್ಲಿ ಉಳಿಯಲ್ಲ. ದಯವಿಟ್ಟು ಅಂಗಡಿಯವರೆಗೂ ಓಡಿಸಬೇಡಿ, ಪಾರ್ಟ್ ಮನೆಗೇ ತರಿಸಿಕೊಳ್ಳಿ. ಎರಡೂ ಕಡೆಯ ಲೋವರ್ ಬುಶ್, ಎಡಗಡೆ ಲೋವರ್ ಬಾಲ್ ಜಾಯಿಂಟ್, ಎಡ ಟೈ ರಾಡ್ ಎಂಡ್, ಹೊಸ ಸ್ಪ್ಲಿಟ್ ಪಿನ್‌ಗಳು, ಇಷ್ಟು ಸಾಕು. ಬಲಗಡೆಯ ಬಾಲ್ ಜಾಯಿಂಟ್ ಬೂಟ್ ಗಟ್ಟಿಯಿದ್ದರೆ ಬಿಡಿ.

ಬಿಚ್ಚುವ ಮೊದಲೇ, ಗಾಡಿ ತನ್ನ ಚಕ್ರದ ಮೇಲೆ ನಿಂತಿರುವಾಗ, ಹಬ್ಬಿನ ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ತೆಗೆಯಿರಿ. ಎರಡೂ ಕಡೆಯದನ್ನು ಮಡ್‌ಗಾರ್ಡ್ ಮೇಲೆಯೇ ಸೀಮೆಸುಣ್ಣದಲ್ಲಿ ಬರೆಯಿರಿ. ಆಮೇಲೆ ಆರ್ಮ್ ಬೋಲ್ಟಿನ ಕ್ಯಾಮ್ ವಾಷರ್ (ಅಲೈನ್‌ಮೆಂಟ್ ಹೊಂದಿಸಲು ತಿರುಗಿಸುವ ವಾಷರ್) ಎಲ್ಲಿದೆ ಅಂತ ಬಣ್ಣದ ಗೆರೆ ಎಳೆಯಿರಿ. ಟಾರ್ಷನ್ ಬಾರ್ ಬಿಚ್ಚುವ ಮೊದಲು ಅದರ ಬಿಗಿ ಹೊಂದಿಸುವ ಅಡ್ಜಸ್ಟರ್ ಬೋಲ್ಟಿನ ಎಷ್ಟು ಥ್ರೆಡ್ ಹೊರಗಿದೆ ಅಂತ ಅಳೆದು, ಚಕ್ರ ಜೋತಾಡುತ್ತಿರುವಾಗ ಬಿಗಿಯನ್ನು ಪೂರ್ತಿ ಇಳಿಸಿ. ಆ ಬಾರಿನಲ್ಲಿ ತುಂಬಿರುವ ಶಕ್ತಿ ಕೈ ಮುರಿಯುವಷ್ಟಿರುತ್ತೆ. ಎಡದ್ದು ಬಲದ್ದು ಅದಲು ಬದಲಾಗದಂತೆ ಗುರುತು ಹಾಕಿ, ಅವು ಬೇರೆ ಬೇರೆ ದಿಕ್ಕಿಗೆ ತಿರುಚಲು ಮಾಡಿದವು.

ಕ್ಯಾಲಿಪರ್ ಬಿಚ್ಚಿದರೆ ತಂತಿಯಲ್ಲಿ ಕಟ್ಟಿ ತೂಗಿಸಿ, ಬ್ರೇಕ್ ಹೋಸ್ ಮೇಲೆ ಭಾರ ಬೇಡ. ಎಬಿಎಸ್ ಸೆನ್ಸರ್ ವೈರ್ ಮೊದಲೇ ಬಿಡಿಸಿ. ಟೈ ರಾಡ್ ಎಂಡ್ ತಿರುಗಿಸಿ ತೆಗೆಯುವಾಗ ಸುತ್ತು ಎಣಿಸಿ, ಹೊಸದಕ್ಕೂ ಅಷ್ಟೇ ಸುತ್ತು ಹಾಕಿ. ಅಲೈನ್‌ಮೆಂಟ್ ಅಂಗಡಿಯವರೆಗೆ ಹೋಗಲು ಅಷ್ಟು ಸಾಕು.

ಬಾಲ್ ಜಾಯಿಂಟ್‌ನ ಟೇಪರ್ (ತುದಿಯ ಕಡೆಗೆ ಕಿರಿದಾಗುತ್ತಾ ಹೋಗುವ ಸ್ಟಡ್ ಭಾಗ) ಸುಲಭಕ್ಕೆ ಬಿಡಲ್ಲ. ನಟ್ಟನ್ನು ಪೂರ್ತಿ ತೆಗೆಯದೆ ಮೂರು ನಾಲ್ಕು ಥ್ರೆಡ್ ಮೇಲೆ ಉಳಿಸಿ, ನಕಲ್‌ನಲ್ಲಿ (ಹಬ್ ಹೊತ್ತಿರುವ ಲೋಹದ ಭಾಗ) ಸ್ಟಡ್ ಕೂತಿರುವ ದಪ್ಪ ಭಾಗದ ಪಕ್ಕಕ್ಕೆ ದೊಡ್ಡ ಸುತ್ತಿಗೆಯಿಂದ ಬಲವಾಗಿ ಹೊಡೆಯಿರಿ. ಸ್ಟಡ್ ತುದಿಗೆ ಹೊಡೆಯಬಾರದು. ಎರಡು ಮೂರು ಏಟಿಗೆ ‘ಟಪ್’ ಅಂತ ಬಿಡುತ್ತೆ, ಉಳಿಸಿದ ನಟ್ಟು ಆರ್ಮ್ ಹಾರದಂತೆ ತಡೆಯುತ್ತೆ. ಇದರ ಜೊತೆಗೆ ಲೋವರ್ ಆರ್ಮ್ ಕೆಳಗೆ ಜಾಕ್ ಇದ್ದೇ ಇರಬೇಕು.

ಹೊಸದು ಕೂರಿಸುವಾಗ ಟೇಪರ್ ಎರಡೂ ಕಡೆ ಒರೆಸಿ, ಒಣಗಿರಲಿ. ಅಲ್ಲಿ ಗ್ರೀಸ್ ಹಚ್ಚಿದರೆ ಹಿಡಿತ ಹೋಗುತ್ತೆ. ನಿಮ್ಮ ಗಾಡಿಯ ಮ್ಯಾನುಯಲ್ ಹೇಳುವ ಟಾರ್ಕ್‌ಗೆ ಬಿಗಿ ಮಾಡಿ. ಸ್ಪ್ಲಿಟ್ ಪಿನ್ ತೂತು ನಟ್ಟಿನ ಸೀಳಿಗೆ ಸೇರದಿದ್ದರೆ ಮುಂದಿನ ಸೀಳಿನವರೆಗೆ ಇನ್ನೂ ಬಿಗಿ ಮಾಡಬೇಕು, ಯಾವತ್ತೂ ಹಿಂದಕ್ಕೆ ಸಡಿಲ ಮಾಡಬಾರದು.

ಈಗ ಮುಖ್ಯವಾದದ್ದು. ಬುಶ್ ಬೋಲ್ಟ್‌ಗಳನ್ನು ಕೈಯಲ್ಲಿ ಕೂರಿಸಿ, ಪ್ಲೇ ಹೋಗುವಷ್ಟು ಮಾತ್ರ ಬಿಗಿ ಮಾಡಿಡಿ. ಟಾರ್ಷನ್ ಬಾರ್ ಹಳೇ ಅಳತೆಗೆ ತಂದು, ಚಕ್ರ ಹಾಕಿ, ಗಾಡಿ ಇಳಿಸಿ. ಮುಂದಿನ ಬಂಪರ್ ಒತ್ತಿ ಹತ್ತು ಸಲ ಕುಣಿಸಿ, ಹಿಂದೆ ಮುಂದೆ ಒಂದೊಂದು ಮಾರು ತಳ್ಳಿ. ಸೀಮೆಸುಣ್ಣದ ಅಂಕಿ ಬಂತಾ ನೋಡಿ, ಬರದಿದ್ದರೆ ಅಡ್ಜಸ್ಟರ್‌ನಲ್ಲಿ ಸರಿ ಮಾಡಿ. ಅಂಕಿ ಬಂದ ಮೇಲೆ, ಗಾಡಿಯ ಭಾರ ಚಕ್ರದ ಮೇಲಿರುವಾಗಲೇ ಬುಶ್ ಬೋಲ್ಟ್ ಪೂರ್ತಿ ಬಿಗಿ ಮಾಡಿ. ಕೆಳಗೆ ನುಸುಳಲು ಜಾಗ ಸಾಲದಿದ್ದರೆ ಎರಡೂ ಲೋವರ್ ಆರ್ಮ್‌ಗಳ ಹೊರತುದಿಗೆ ಸ್ಟ್ಯಾಂಡ್ ಕೊಟ್ಟು ಭಾರ ಅಲ್ಲಿಗೆ ಇಳಿಸಬಹುದು.

ಇನ್ನೊಬ್ಬ ಸದಸ್ಯರು:
ಸರ್, ಮಧ್ಯೆ ಕೇಳ್ತಿದೀನಿ. ನಂದೂ ಟಾರ್ಷನ್ ಬಾರ್ ಗಾಡಿ. ದೊಡ್ಡ ಟೈರಿಗಾಗಿ ಅಡ್ಜಸ್ಟರ್ ತಿರುಗಿಸಿ ಮುಂದೆ 2 ಇಂಚು ಎತ್ತಿದೀನಿ. ಹಂಪ್ ಹತ್ತುವಾಗ ಸದ್ದಿಲ್ಲ, ಇಳಿಯುವಾಗ ‘ದಡ್’ ಅನ್ನುತ್ತೆ. ಎಲ್ಲ ಜಾಯಿಂಟೂ ಬಿಗಿ ಇವೆ.

ಉತ್ತರ:
ನಿಮ್ಮಲ್ಲಿ ಪಾರ್ಟ್ ಸವೆದಿಲ್ಲ, ಕೆಳಗೆ ಇಳಿಯುವ ಜಾಗ ಖಾಲಿಯಾಗಿದೆ. ಅಡ್ಜಸ್ಟರ್ ತಿರುಗಿಸಿದರೆ ಗಾಡಿ ಮೇಲೆ ಬರುತ್ತೆ ಹೊರತು ಚಕ್ರ ಆಡುವ ಒಟ್ಟು ದೂರ ಹೆಚ್ಚಲ್ಲ. ಮೇಲಕ್ಕೆ ಪಡೆದ 2 ಇಂಚು ಕೆಳಗಿನಿಂದ ಕಳೆದದ್ದು. ಹಂಪ್ ಇಳಿಯುವಾಗ ಅಪ್ಪರ್ ಆರ್ಮ್ ಬಂದು ಸ್ಟಾಪರ್‌ಗೆ ಬಡಿಯುತ್ತಿದೆ. ಸ್ಟಾಪರ್ ರಬ್ಬರ್ ಮೇಲೆ ಹೊಳೆಯುವ ಗುರುತು ಇರುತ್ತೆ ನೋಡಿ. ಬಾಲ್ ಜಾಯಿಂಟ್ ಮತ್ತು ಸಿವಿ ಜಾಯಿಂಟ್ (ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್‌ನ ಕೀಲು) ಕೂಡ ಸದಾ ಓರೆ ಕೋನದಲ್ಲಿ ದುಡಿಯುತ್ತವೆ. ಮೊದಲು 1 ಇಂಚು ಇಳಿಸಿ ಓಡಿಸಿ ನೋಡಿ. ಎತ್ತರ ಬೇಕೇ ಬೇಕು ಅಂದರೆ ಕೋನ ಸರಿಪಡಿಸಿದ ಅಪ್ಪರ್ ಆರ್ಮ್ ಹಾಕಬೇಕಾಗುತ್ತೆ. ಎತ್ತರ ಬದಲಿಸಿದಾಗಲೆಲ್ಲ ಅಲೈನ್‌ಮೆಂಟ್ ಮಾಡಿಸಿ, ಬುಶ್ ಬೋಲ್ಟ್ ಒಮ್ಮೆ ಸಡಿಲಿಸಿ ಹೊಸ ಎತ್ತರದಲ್ಲಿ ಮತ್ತೆ ಬಿಗಿ ಮಾಡಿ.

ಮತ್ತೊಬ್ಬ ಸದಸ್ಯರು:
ಇಷ್ಟೆಲ್ಲ ಯಾಕೆ, ಪಾಲಿಯುರಿಥೇನ್ ಬುಶ್ ಹಾಕಿದರೆ ಆಗಲ್ವಾ?

ಉತ್ತರ:
ಹಾಕಬಹುದು. ಅದರಲ್ಲಿ ಕೊಳವೆ ಅಂಟಿಕೊಂಡಿರಲ್ಲ, ತಿರುಗುತ್ತೆ, ಹಾಗಾಗಿ ತಿರುಚುವ ತೊಂದರೆ ಇಲ್ಲ. ಆದರೆ ಸಿಲಿಕೋನ್ ಗ್ರೀಸ್ ಆಗಾಗ ಬೇಕು, ಕೆಸರು ನುಗ್ಗಿದರೆ ಕಿರುಗುಟ್ಟುತ್ತೆ, ರಸ್ತೆಯ ಅದುರು ಸೀದಾ ಚಾಸಿಗೆ ಬರುತ್ತೆ. ವಾರವಿಡೀ ಅದೇ ಗಾಡಿಯಲ್ಲಿ ಓಡಾಡುವವರಿಗೆ ನಾನು ರಬ್ಬರನ್ನೇ ಹೇಳ್ತೀನಿ.

ಪ್ರಶ್ನೆ ಕೇಳಿದವರು:
ಸರ್, ಮುಗಿಯಿತು. ಎರಡು ದಿನ ಹಿಡಿಯಿತು. ಹಳೇ ಬುಶ್ ಬೋಲ್ಟ್ ಬಿಚ್ಚುವಾಗ ನೀವು ಹೇಳಿದ ‘ಟಣ್’ ನನಗೂ ಕೇಳಿಸಿತು. ಅಳತೆ ಎಡಕ್ಕೂ ಬಲಕ್ಕೂ 51 ಸೆಂ.ಮೀ. ಬಂತು, ಅಲ್ಲೇ ಬಿಗಿ ಮಾಡಿದೆ. ಅಲೈನ್‌ಮೆಂಟೂ ಆಯ್ತು. ಈಗ ಸದ್ದಿಲ್ಲ, ಸ್ಟಿಯರಿಂಗ್ ನೇರ ನಿಲ್ಲುತ್ತೆ. ಇನ್ನೇನು ನೋಡಬೇಕು?

ಉತ್ತರ:
ತುಂಬಾ ಸಂತೋಷ ಆಯ್ತು. 100 ಕಿ.ಮೀ. ಓಡಿದ ಮೇಲೆ ವೀಲ್ ನಟ್ಟು, ಬುಶ್ ಬೋಲ್ಟ್ ಎಲ್ಲಕ್ಕೂ ಒಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ, ಬುಶ್ ಬೋಲ್ಟಿಗೆ ಗಾಡಿ ನೆಲದ ಮೇಲಿರುವಾಗಲೇ. ಹೊಸ ಬಾಲ್ ಜಾಯಿಂಟ್‌ಗೆ ಗ್ರೀಸ್ ನಿಪ್ಪಲ್ ಇದ್ದರೆ, ಹಳ್ಳ ದಾಟಿ ಬಂದ ಪ್ರತಿ ಸಲ ಬೂಟ್ ಸ್ವಲ್ಪ ಉಬ್ಬುವಷ್ಟು ಮಾತ್ರ ಗ್ರೀಸ್ ಕೊಡಿ, ಹೆಚ್ಚಾದರೆ ಬೂಟೇ ಒಡೆಯುತ್ತೆ. ಗಾಡಿ ತೊಳೆಯುವಾಗ ಪ್ರೆಶರ್ ನೀರನ್ನು ಬೂಟ್‌ಗಳ ಮೇಲೆ ನೇರವಾಗಿ ಬಿಡಬೇಡಿ.