ಶ್ರೀಲಂಕಾ, ಆಗಸ್ಟ್, 8 ದಿನ: ಯಾವುದು ಇರಲಿ, ಯಾವುದು ಬಿಡಲಿ?

ದಾರಿಹೋಕ:
ಆಗಸ್ಟ್ ಎರಡನೇ ವಾರ ಶ್ರೀಲಂಕಾಕ್ಕೆ ಹೊರಟಿದ್ದೇವೆ. ವಿಮಾನದ ದಿನಗಳನ್ನು ಬಿಟ್ಟರೆ ಕೈಗೆ ಸಿಗುವುದು 8 ದಿನ. ಒಟ್ಟು ಐದು ಜನ. ಇಬ್ಬರಿಗೆ 60 ದಾಟಿದೆ, ಒಬ್ಬರಿಗೆ ಮಂಡಿನೋವು. ನೋಡಲೇಬೇಕಾದ ಜಾಗ ಅಂತ ಹುಡುಕಿದರೆ ಎಲ್ಲೆಡೆ ಒಂದೇ ಪಟ್ಟಿ: ಸಿಗಿರಿಯಾದ ಬಂಡೆಕೋಟೆ, ದಂಬುಲ್ಲದ ಗುಹಾದೇವಾಲಯ, ಕ್ಯಾಂಡಿ, ‘ಎಲ್ಲಾ’ ಊರಿಗೆ ಹೋಗುವ ರೈಲು, ಯಾಲದ ಅಭಯಾರಣ್ಯ, ಮಿರಿಸ್ಸದ ತಿಮಿಂಗಿಲ, ಗಾಲೆ ಕೋಟೆ. ಇಷ್ಟೂ ಆಗುತ್ತಾ? ಆಗದಿದ್ದರೆ ಏನು ಬಿಡಬೇಕು?

ನೀಲಿಕಡಲು:
ಮೊದಲು ಮಿರಿಸ್ಸ ತೆಗೆದುಹಾಕಿ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ದಕ್ಷಿಣ ಮತ್ತು ಪಶ್ಚಿಮ ಕರಾವಳಿಗೆ ನೇರ ಬಡಿಯುತ್ತದೆ, ಕಡಲು ಒರಟಾಗಿರುತ್ತದೆ. ಅಲ್ಲಿ ತಿಮಿಂಗಿಲ ನೋಡುವ ಕಾಲ ನವೆಂಬರ್‌ನಿಂದ ಏಪ್ರಿಲ್. ಆಗಸ್ಟ್‌ನಲ್ಲಿ ಕಡಲು ಶಾಂತವಾಗಿರುವುದು ಪೂರ್ವದಲ್ಲಿ, ಟ್ರಿಂಕೋಮಲಿ ಕಡೆ. ಅಲ್ಲಿನ ಕೋಣೇಶ್ವರ ದೇವಸ್ಥಾನ ಫ್ರೆಡ್ರಿಕ್ ಕೋಟೆಯ ಒಳಗೆ, ಸಮುದ್ರಕ್ಕೆ ಚಾಚಿದ ಬಂಡೆಯ ತುದಿಯಲ್ಲಿದೆ. ನಿಲಾವೇಲಿಯಿಂದ ದೋಣಿಯಲ್ಲಿ ಪಿಜನ್ ದ್ವೀಪಕ್ಕೆ ಹೋದರೆ ಹವಳದ ದಿಬ್ಬಗಳನ್ನು ನೋಡಬಹುದು. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಜನ ತುಂಬಿಬಿಡುತ್ತಾರೆ.

ದ್ವೀಪದ ಉದ್ದ ಸುಮಾರು 430 ಕಿ.ಮೀ. ಅಷ್ಟೇ ಅಂತ ನೋಡಿ ಮೋಸ ಹೋಗಬೇಡಿ. ಎಕ್ಸ್‌ಪ್ರೆಸ್‌ವೇ ಬಿಟ್ಟು ಉಳಿದ ಕಡೆ ಗಂಟೆಗೆ 35–40 ಕಿ.ಮೀ. ಲೆಕ್ಕ ಹಿಡಿಯಿರಿ. ವಿಮಾನ ನಿಲ್ದಾಣದಿಂದ ಸಿಗಿರಿಯಾಕ್ಕೆ 4 ಗಂಟೆ, ಅಲ್ಲಿಂದ ಕ್ಯಾಂಡಿಗೆ ಸುಮಾರು 3, ಕ್ಯಾಂಡಿಯಿಂದ ‘ಎಲ್ಲಾ’ಗೆ ಕಾರಿನಲ್ಲಾದರೂ 5 ಗಂಟೆ. ಪೂರ್ವ ಕರಾವಳಿ, ಬೆಟ್ಟದ ನಾಡು, ದಕ್ಷಿಣ ಮೂರನ್ನೂ 8 ದಿನಕ್ಕೆ ತುರುಕಿದರೆ ಹಿರಿಯರು ಕಾರಿನಲ್ಲೇ ಸುಸ್ತಾಗುತ್ತಾರೆ. ಸಿಗಿರಿಯಾದಲ್ಲಿ 3 ರಾತ್ರಿ, ಟ್ರಿಂಕೋಮಲಿಯಲ್ಲಿ 2, ಕ್ಯಾಂಡಿಯಲ್ಲಿ 2, ಕೊನೆಯ ರಾತ್ರಿ ವಿಮಾನ ನಿಲ್ದಾಣದ ಹತ್ತಿರ ನೆಗೊಂಬೊದಲ್ಲಿ. ನನ್ನ ಮಟ್ಟಿಗೆ ಆಗಸ್ಟ್‌ಗೆ ಇದೇ ಸರಿಯಾದ ದಾರಿ.

ಶಿಲಾಲೇಖ:
ಸಿಗಿರಿಯಾ ಬಗ್ಗೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ. ತುದಿಯವರೆಗೆ ಸುಮಾರು 1,200 ಮೆಟ್ಟಿಲು. 9 ಗಂಟೆಯಾದ ಮೇಲೆ ಕಿರಿದಾದ ಕಬ್ಬಿಣದ ಮೆಟ್ಟಿಲಲ್ಲಿ ಸಾಲು ನಿಂತುಬಿಡುತ್ತದೆ. ಬಂಡೆ ಕಾದಿರುತ್ತದೆ, ನೆರಳಿಲ್ಲ. ಕುಡಿಯಲು ತಲಾ ಒಂದು ಲೀಟರ್ ನೀರು ಬೇಕು. ಮಂಡಿನೋವಿರುವವರು ಕೆಳಗಿನ ನೀರಿನ ತೋಟಗಳನ್ನು ನೋಡಿಕೊಂಡು ನಿಧಾನಕ್ಕೆ ಸಿಂಹದ ಪಾದಗಳ ಶಿಲ್ಪದವರೆಗೆ ಬಂದು ಕೂರಬಹುದು. ಕಡಿದಾದ ಕೊನೆಯ ಏರು ಅಲ್ಲಿಂದಲೇ ಶುರು. ಬಂಡೆಯಲ್ಲಿ ಕಣಜದ ಗೂಡುಗಳಿವೆ, ಗದ್ದಲ ಮಾಡಬಾರದು ಎಂಬ ಫಲಕಗಳನ್ನು ಗಂಭೀರವಾಗಿ ತೆಗೆದುಕೊಳ್ಳಿ. 5ನೇ ಶತಮಾನದ ಕಾಶ್ಯಪನ ಕಾಲದ ಚಿತ್ರಗಳ ಫೋಟೊ ತೆಗೆಯುವಂತಿಲ್ಲ. ಎದುರಿನ ಪಿದುರಂಗಲ ಬಂಡೆಯಿಂದ ಸಿಗಿರಿಯಾ ಪೂರ್ತಿ ಕಾಣುತ್ತದೆ ನಿಜ, ಆದರೆ ಕೊನೆಯ ತುಂಡಿನಲ್ಲಿ ದೊಡ್ಡ ಬಂಡೆಗಳ ಸಂದಿನಲ್ಲಿ ಕೈಯೂರಿ ಹತ್ತಬೇಕು. ಮಂಡಿ ಸರಿಯಿಲ್ಲದವರಿಗೆ ಬೇಡ.

ನಿಮ್ಮ ಪಟ್ಟಿಯಲ್ಲಿ ಹಳೆಯ ರಾಜಧಾನಿ ಪೊಲೊನ್ನರುವ ಇಲ್ಲದಿರುವುದು ದೊಡ್ಡ ಕೊರತೆ. ಸಿಗಿರಿಯಾದಿಂದ ಒಂದೂವರೆ ಗಂಟೆಯ ದಾರಿ. ಗಲ್ ವಿಹಾರದಲ್ಲಿ ಒಂದೇ ಬಂಡೆಯಲ್ಲಿ ನಾಲ್ಕು ಬುದ್ಧನ ಮೂರ್ತಿಗಳನ್ನು ಕಡೆದಿದ್ದಾರೆ, ಮಲಗಿದ ಮೂರ್ತಿಯೇ 14 ಮೀಟರ್. ಚೋಳರು 11ನೇ ಶತಮಾನದಲ್ಲಿ ಕಟ್ಟಿದ ಕಲ್ಲಿನ ಶಿವಾಲಯವೂ ಅಲ್ಲಿದೆ, ದಕ್ಷಿಣ ಭಾರತದ ಗುಡಿಗಳನ್ನು ಕಂಡವರು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಸ್ಮಾರಕಗಳು ಕಿಲೋಮೀಟರ್‌ಗಟ್ಟಲೆ ಹರಡಿವೆ. ಹಿರಿಯರು ಕಾರಿನಲ್ಲಿ ಹೋಗಲಿ, ಉಳಿದವರು ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಲಿ.

ಎಲ್ಲರ ಚೀಲದಲ್ಲೂ ದಪ್ಪ ಸಾಕ್ಸ್ ಇರಲಿ. ಪೊಲೊನ್ನರುವದಲ್ಲೂ ದಂಬುಲ್ಲದಲ್ಲೂ ಚಪ್ಪಲಿ ಬಿಡಬೇಕು, ಮಧ್ಯಾಹ್ನದ ಕಲ್ಲು ಪಾದ ಸುಡುತ್ತದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಬುದ್ಧನಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಳ್ಳಬಾರದು. ಪಾಸ್‌ಪೋರ್ಟ್ ಜೊತೆಗಿರಲಿ: ಸಿಗಿರಿಯಾ, ಪೊಲೊನ್ನರುವದಲ್ಲಿ ಸಾರ್ಕ್ ದೇಶದವರಿಗೆ ಟಿಕೆಟ್ ದರ ಬೇರೆ, ತೋರಿಸದಿದ್ದರೆ ಪೂರ್ತಿ ದರ.

ಹಳಿಪ್ರಿಯ:
ನೀಲಿಕಡಲು ಅವರ ಯೋಜನೆಯಲ್ಲಿ ರೈಲೇ ಬಿಟ್ಟುಹೋಯಿತು, ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಆಗಸ್ಟ್‌ನಲ್ಲಿ ನುವಾರ ಎಲಿಯ ಕಡೆ ಮಳೆ, ಮಂಜು ಇರುತ್ತದೆ. ಆದರೆ ‘ಎಲ್ಲಾ’ ಇರುವ ಊವ ಪ್ರಾಂತ್ಯ ಬೆಟ್ಟದ ಆಚೆ, ಮಳೆಯ ಮರೆಯಲ್ಲಿದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಣಗಾಳಿ, ಊವದ ಅತ್ಯುತ್ತಮ ಚಹಾ ಬರುವುದೂ ಆಗಲೇ. ಪಟ್ಟಿಪೊಲ ದಾಟಿದ ಮೇಲಿನ ಸುರಂಗದ ಈಚೆ ಮಂಜು, ಆಚೆ ಬಿಸಿಲು ಇರುವುದು ಆ ಕಾಲದಲ್ಲಿ ಅಪರೂಪವಲ್ಲ.

ಕ್ಯಾಂಡಿಯಿಂದ ‘ಎಲ್ಲಾ’ಗೆ 6–7 ಗಂಟೆ. ಕಾಯ್ದಿರಿಸುವ ಸೀಟುಗಳು 30 ದಿನ ಮುಂಚೆ ತೆರೆಯುತ್ತವೆ, ಹೊರಗಿನವರು ಹೆಚ್ಚು ಕೇಳುವ ಗಾಡಿಗಳಲ್ಲಿ ಬೇಗನೆ ಮುಗಿದುಹೋಗುತ್ತವೆ. ಮೊದಲ ದರ್ಜೆಯ ಎಸಿ ಬೇಡ, ಕಿಟಕಿ ತೆಗೆಯಲಾಗದು. ಎರಡನೇ ದರ್ಜೆಯ ಕಾಯ್ದಿರಿಸಿದ ಸೀಟೇ ಒಳ್ಳೆಯದು. ಸಿಗದಿದ್ದರೆ ನಡುವಿನ ನಾನುಓಯ ನಿಲ್ದಾಣದವರೆಗೆ ಕಾರಿನಲ್ಲಿ ಹೋಗಿ ಅಲ್ಲಿಂದ ಹತ್ತಿ. ಸುಮಾರು 3 ಗಂಟೆ ಸಾಕು, ಹಿರಿಯರಿಗೆ ಅದೇ ಹಿತ. ಬಾಗಿಲಲ್ಲಿ ಜೋತುಬಿದ್ದು ಫೋಟೊ ತೆಗೆಸಿಕೊಳ್ಳುವ ಹುಚ್ಚು ಯಾರಿಗೂ ಬೇಡ. ಸುರಂಗಗಳೂ ಕಂಬಗಳೂ ಹಳಿಗೆ ತೀರ ಹತ್ತಿರ, ಪ್ರಾಣ ಹೋದ ಪ್ರಕರಣಗಳಿವೆ. ಜೋರು ಮಳೆಗೆ ಭೂಕುಸಿತವಾಗಿ ಮಾರ್ಗ ಮುಚ್ಚುವುದೂ ಉಂಟು. ಬುಕ್ ಮಾಡುವ ಮುಂಚೆ ಗಾಡಿ ಎಲ್ಲಿಯವರೆಗೆ ಓಡುತ್ತಿದೆ ಎಂದು ಖಚಿತ ಮಾಡಿಕೊಳ್ಳಿ.

ರೈಲು ಬೇಕೇಬೇಕು ಅಂದರೆ ಟ್ರಿಂಕೋಮಲಿ ಬಿಡಿ. ‘ಎಲ್ಲಾ’ದಿಂದ ಯಾಲಕ್ಕೆ ಇಳಿದು, ದಕ್ಷಿಣದ ಎಕ್ಸ್‌ಪ್ರೆಸ್‌ವೇ ಹಿಡಿದು ಗಾಲೆಯ ಮೂಲಕ ವಾಪಸ್ ಬನ್ನಿ. ಆಗಸ್ಟ್‌ನಲ್ಲಿ ಯಾಲ ಒಣಗಿರುತ್ತದೆ, ಪ್ರಾಣಿಗಳು ನೀರಿನ ಹೊಂಡಗಳಿಗೆ ಬರುತ್ತವೆ.

ದಾರಿಹೋಕ:
ಟ್ರಿಂಕೋಮಲಿಯೇ ಇರಲಿ, ರೈಲು ಇನ್ನೊಮ್ಮೆ. ಆನೆ ನೋಡಬೇಕೆಂದು ಮಕ್ಕಳ ಹಟ, ಹಾಗಾದರೆ ಯಾಲ ಇಲ್ಲದೆ ಎಲ್ಲಿ?

ನೀಲಿಕಡಲು:
ಆನೆಗೆ ಯಾಲಕ್ಕಿಂತ ಮಿನ್ನೇರಿಯ ಪಾರ್ಕೇ ಮೇಲು, ಸಿಗಿರಿಯಾಕ್ಕೂ ಹತ್ತಿರ. ಅಲ್ಲಿ ಮಳೆಯಿಲ್ಲದ ಈ ತಿಂಗಳುಗಳಲ್ಲಿ ಕೆರೆಯ ನೀರು ಇಳಿದು ಅಂಗಳದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನೂರಾರು ಆನೆಗಳು ಅಲ್ಲಿ ಸೇರುತ್ತವೆ. ಆದರೆ ಕೆರೆಗೆ ನೀರು ಬಿಟ್ಟು ಮಟ್ಟ ಏರಿದ್ದರೆ ಹುಲ್ಲು ಮುಳುಗಿ, ಆನೆಗಳು ಕೌಡುಲ್ಲಕ್ಕೋ ಹುರುಲು ಕಾಡಿಗೋ ಹೋಗಿಬಿಡುತ್ತವೆ. ಹಾಗಾಗಿ ಪಾರ್ಕ್ ಹೆಸರು ನೋಡಿ ಮುಂಗಡ ಕೊಡಬೇಡಿ. ಆ ದಿನ ಮಧ್ಯಾಹ್ನ ಜೀಪಿನವರನ್ನು ‘ಇವತ್ತು ಎಲ್ಲಿವೆ?’ ಅಂತ ಕೇಳಿ, 3 ಗಂಟೆ ಸುಮಾರಿಗೆ ಅಲ್ಲಿಗೇ ಹೊರಡಿ.

ಇನ್ನೊಂದು: ಕ್ಯಾಂಡಿಯ ಮೆರವಣಿಗೆಯ ಹಬ್ಬ ಎಸಲ ಪೆರಹೆರ ಜುಲೈ–ಆಗಸ್ಟ್‌ನಲ್ಲಿ ಬರುತ್ತದೆ. ನಿಮ್ಮ ದಿನಗಳು ಅದಕ್ಕೆ ಸಿಕ್ಕಿದರೆ ಕೋಣೆಗಳ ದರ ಏರಿರುತ್ತದೆ, ಸಂಜೆ ಬುದ್ಧನ ಹಲ್ಲನ್ನು ಇಟ್ಟಿರುವ ದಂತಮಂದಿರದ ಸುತ್ತ ರಸ್ತೆ ಮುಚ್ಚುತ್ತಾರೆ. ಮೆರವಣಿಗೆ ನೋಡುವುದಾದರೆ ನಡೆದೇ ತಲುಪುವಷ್ಟು ಹತ್ತಿರ ಕೋಣೆ ಹಿಡಿಯಿರಿ. ಬೇಡವಾದರೆ ಊರ ಹೊರಗೆ ಪೇರಾದೆನಿಯ ಕಡೆ ಉಳಿದು, ಮಂದಿರದ ಬೆಳಗಿನ ಪೂಜೆಗೆ ಬನ್ನಿ.